ನಲವತ್ತನೇ ಪುಟಕ್ಕೆ ನಿಂತ ಪುಸ್ತಕ ಮುಗಿಸುವುದು ಹೇಗೆ?

ದಾವಣಗೆರೆ, ದುರ್ಗದ ಕಡೆಯ ಓದುಗರು ನನ್ನನ್ನು ಜಾಸ್ತಿ ಕೇಳುವುದು ಒಂದೇ ಪ್ರಶ್ನೆ. "ಸರ್, ನಲವತ್ತು ಪುಟ ಆಗಿದೆ, ಮುಂದಕ್ಕೆ ಹೋಗ್ತಾನೇ ಇಲ್ಲ. ಮೊದಲಿದ್ದ ಹುಮ್ಮಸ್ಸು ಮತ್ತೆ ಬರೋಕೆ ಏನು ಮಾಡಬೇಕು?" ಕೇಳುವವರಲ್ಲಿ ಮೇಷ್ಟ್ರು ಇದ್ದಾರೆ, ಬ್ಯಾಂಕಿನವರು ಇದ್ದಾರೆ, ಚನ್ನಗಿರಿ ಕಡೆ ತೋಟ ನೋಡಿಕೊಳ್ಳುವವರು ಇದ್ದಾರೆ, ನಿವೃತ್ತಿ ಆದವರೂ ಇದ್ದಾರೆ. ಬರೆಯಲು ಬಾರದೆ ನಿಂತವರು ಇವರಲ್ಲಿ ಕಡಿಮೆ. ಹೆಚ್ಚಿನವರ ಕೆಲಸದ ಸರದಿ ತಪ್ಪಿರುತ್ತದೆ. ಮುನ್ನುಡಿ ಯಾರ ಹತ್ತಿರ ಬರೆಸುವುದು ಅಂತ ಗೊತ್ತಾಗಿರುತ್ತದೆ, ಮುಖಪುಟ ತಯಾರಾಗಿರುತ್ತದೆ, ಮೊದಲ ಅಧ್ಯಾಯವನ್ನು ತಿದ್ದಿ ತಿದ್ದಿ ಸವೆಸಿರುತ್ತಾರೆ. ಐದನೇ ಅಧ್ಯಾಯದಲ್ಲಿ ಏನಿದೆ ಅಂತ ಕೇಳಿದರೆ ಮಾತ್ರ ಉತ್ತರ ಇಲ್ಲ.

ಹಾಗಾಗಿ ಇಲ್ಲಿ ಸರದಿಯ ಬಗ್ಗೆಯೇ ಹೇಳುತ್ತೇನೆ. ಉದಾಹರಣೆಗೆ ಒಂದು ಪುಸ್ತಕ ಇಟ್ಟುಕೊಳ್ಳೋಣ. ಹಿರಿಯೂರಿನವರೊಬ್ಬರು ವಾಣಿವಿಲಾಸ ಸಾಗರ ಅಣೆಕಟ್ಟಿನ ಬಗ್ಗೆ, ಅಂದರೆ ನಮ್ಮ ಮಾರಿಕಣಿವೆಯ ಬಗ್ಗೆ, ಬರೆಯುತ್ತಿದ್ದಾರೆ ಅಂದುಕೊಳ್ಳಿ. ನಿಮ್ಮದು ಕಾದಂಬರಿಯೋ ಆತ್ಮಕಥೆಯೋ ಆಗಿದ್ದರೂ ಹಂತಗಳು ಇವೇ.

## ಕೈಯಲ್ಲಿ ಇರಬೇಕಾದದ್ದು

ಹೆಚ್ಚೇನೂ ಬೇಡ. ಬರೆಯಲು ಒಂದು ಸಾಧನ, ಜೇಬಿನಲ್ಲಿ ಹಿಡಿಯುವ ಒಂದು ನೋಟ್‌ಬುಕ್, ದಿನಾಂಕದ ಮನೆ ದೊಡ್ಡದಾಗಿರುವ ಗೋಡೆ ಕ್ಯಾಲೆಂಡರ್, ಮೊಬೈಲ್‌ನ ಟೈಮರ್.

ಟೈಪ್ ಮಾಡುವವರು ಯೂನಿಕೋಡ್‌ನಲ್ಲೇ ಮಾಡಿ. ಹಳೆಯ ಆಸ್ಕಿ ಫಾಂಟ್‌ನಲ್ಲಿ ಬರೆದಿಟ್ಟರೆ ಮೊಬೈಲ್‌ನಲ್ಲಿ ತೆರೆದಾಗ ಬರೀ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಸಾಲು ಕಾಣುತ್ತದೆ. ಅಚ್ಚಿಗೆ ಪುಟ ಜೋಡಿಸುವ ಡಿಟಿಪಿಯವರು ಬೇಕಾದರೆ ಆಮೇಲೆ ತಮ್ಮ ಫಾಂಟ್‌ಗೆ ಬದಲಿಸಿಕೊಳ್ಳುತ್ತಾರೆ. ಆ ಬದಲಾವಣೆಯಲ್ಲಿ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಕೆಡುವುದುಂಟು. ಅದನ್ನು ಪ್ರೂಫ್‌ನಲ್ಲಿ ನೋಡಿದರಾಯಿತು.

ಕೈಯಲ್ಲಿ ಬರೆಯುವವರು ಹಾಳೆಯ ಒಂದೇ ಮಗ್ಗುಲಲ್ಲಿ, ಸಾಲು ಬಿಟ್ಟು ಬರೆಯಿರಿ. ಪುಟ ಸಂಖ್ಯೆ ಮರೆಯಬೇಡಿ. ದಿನದ ಕೊನೆಗೆ ಬರೆದಷ್ಟನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಡಿ.

ಬಾಯಲ್ಲಿ ಹೇಳಿ ಟೈಪ್ ಮಾಡಿಸುವ ಸೌಲಭ್ಯ ಈಗ ಮೊಬೈಲ್‌ನ ಜಿಬೋರ್ಡ್ ಕೀಲಿಮಣೆಯಲ್ಲೇ ಇದೆ. ಕಚ್ಚಾ ಬರಹಕ್ಕೆ ಒಳ್ಳೆಯದು. ಪುಸ್ತಕದ ಭಾಷೆಯನ್ನು ಚೆನ್ನಾಗಿ ಹಿಡಿಯುತ್ತದೆ, ನಮ್ಮ ಕಡೆಯ ಆಡುಮಾತನ್ನು ಮಾತ್ರ ತನಗೆ ತೋಚಿದಂತೆ ತಿರುಚುತ್ತದೆ. ಸಂಭಾಷಣೆ ಇರುವ ಭಾಗ ಕೈಯಲ್ಲೇ ಬರೆಯುವುದು ವಾಸಿ.

ಒಂದೊಂದು ಅಧ್ಯಾಯಕ್ಕೆ ಒಂದೊಂದು ಫೈಲ್ ಇರಲಿ. ಹೆಸರು "ಅಧ್ಯಾಯ 03" ಥರ, ಪಕ್ಕದಲ್ಲಿ ದಿನಾಂಕ. "ಫೈನಲ್", "ಫೈನಲ್ 2", "ನಿಜವಾದ ಫೈನಲ್" ಅಂತ ಹೆಸರಿಟ್ಟವರು ಪ್ರೆಸ್‌ಗೆ ತಪ್ಪು ಫೈಲ್ ಕಳಿಸಿ ಒದ್ದಾಡುವುದನ್ನು ಬೇಕಾದಷ್ಟು ನೋಡಿದ್ದೇನೆ. ಗೂಗಲ್ ಡ್ರೈವ್‌ನಲ್ಲಿ 15 ಜಿಬಿ ಜಾಗ ಪುಕ್ಕಟೆ ಸಿಗುತ್ತದೆ. ಬರೀ ಅಕ್ಷರಗಳ ಪುಸ್ತಕಕ್ಕೆ ಅದರಲ್ಲಿ ಒಂದು ಮೂಲೆ ಸಾಕು. ಇನ್ನೊಂದು ಪ್ರತಿ ಪೆನ್‌ಡ್ರೈವ್‌ನಲ್ಲಿ ಇರಲಿ.

## ಹಂತ 1: ಪುಸ್ತಕದ ಗಾತ್ರ ಗೊತ್ತು ಮಾಡಿ

ಎಷ್ಟು ಬರೆದರೆ ಮುಗಿಯುತ್ತದೆ ಅಂತ ಗೊತ್ತಿಲ್ಲದ ಕೆಲಸದಲ್ಲಿ ಯಾರಿಗೂ ಉತ್ಸಾಹ ಉಳಿಯುವುದಿಲ್ಲ. ಆದ್ದರಿಂದ ಇದೇ ಮೊದಲು.

ಕನ್ನಡದಲ್ಲಿ ಸಾಮಾನ್ಯವಾಗಿ ಬರುವ ಡೆಮಿ 1/8 ಆಕಾರದ ಪುಟದಲ್ಲಿ ಸುಮಾರು 200ರಿಂದ 230 ಪದ ಹಿಡಿಯುತ್ತವೆ. 150 ಪುಟದ ಪುಸ್ತಕ ಅಂದರೆ ಹತ್ತಿರಹತ್ತಿರ 30,000 ಪದ. ಇಂಗ್ಲಿಷ್ ಬರವಣಿಗೆಯ ಪಾಠಗಳಲ್ಲಿ 80,000 ಪದ ಅಂತ ಓದಿ ಹೆದರಿದವರು ಆ ಲೆಕ್ಕ ಬಿಟ್ಟುಬಿಡಿ. ಅಲ್ಲಿ ಮೂರು ಪದದಲ್ಲಿ ಹೇಳುವುದು ನಮ್ಮಲ್ಲಿ ವಿಭಕ್ತಿ, ಪ್ರತ್ಯಯ ಸೇರಿ ಒಂದೇ ಪದವಾಗುತ್ತದೆ.

ಮೊದಲ ಪುಸ್ತಕ 120ರಿಂದ 160 ಪುಟದೊಳಗೆ ಇರಲಿ ಅನ್ನುವುದು ನನ್ನ ಅಭಿಪ್ರಾಯ. 400 ಪುಟದ ಮಹಾಕೃತಿ ಆಮೇಲೆ ಬರೆಯಬಹುದು, ಯಾರೂ ಬೇಡ ಅನ್ನುವುದಿಲ್ಲ.

## ಹಂತ 2: ಮೊದಲೇ ಅಸ್ಥಿಪಂಜರ ನಿಲ್ಲಿಸಿ

ಒಂದು ಹಾಳೆ ತೆಗೆದುಕೊಂಡು ಅಧ್ಯಾಯಗಳನ್ನು ಬರೆಯಿರಿ, ಒಂದೊಂದಕ್ಕೂ ಒಂದು ವಾಕ್ಯ. ಮಾರಿಕಣಿವೆ ಪುಸ್ತಕಕ್ಕೆ ಅದು ಹೀಗಿರಬಹುದು: ವೇದಾವತಿ ನದಿ ಮತ್ತು ಕಣಿವೆ, ಅಣೆಕಟ್ಟು ಕಟ್ಟಿದ ಕಾಲ, 1907ರಲ್ಲಿ ಕೆಲಸ ಮುಗಿದದ್ದು, 1933ರಲ್ಲಿ ಕೋಡಿ ಬಿದ್ದದ್ದು (ಅಂದರೆ ತುಂಬಿ ಹರಿದದ್ದು), ಆಮೇಲಿನ ಬರದ ವರ್ಷಗಳು, ಅಚ್ಚುಕಟ್ಟಿನ ತೋಟಗಳು ಒಣಗಿದ್ದು, 2022ರಲ್ಲಿ ಮತ್ತೆ ಕೋಡಿ ಬಿದ್ದಾಗ ಜನ ನೋಡಲು ಬಂದದ್ದು.

ಇಲ್ಲಿ ಒಂದು ಪರೀಕ್ಷೆ ಮಾಡಿ. ಒಂದೊಂದು ವಾಕ್ಯದ ಮುಂದೆ "ಹಾಗಾದರೆ ಏನಾಯಿತು?" ಅಂತ ಕೇಳಿ. ಮುಂದಿನ ಅಧ್ಯಾಯ ಅದಕ್ಕೆ ಉತ್ತರ ಕೊಟ್ಟರೆ ಪುಸ್ತಕ ನಡೆಯುತ್ತದೆ. 1933ರಿಂದ 2022ರವರೆಗೆ ಕೋಡಿ ಬೀಳಲೇ ಇಲ್ಲ ಅನ್ನುವುದು ಒಂದು ಕಥೆ. ಆ ನಡುವಿನ 89 ವರ್ಷ ಜನ ಹೇಗೆ ಬದುಕಿದರು ಅನ್ನುವುದೇ ಪುಸ್ತಕದ ಹೊಟ್ಟೆ. ಅದು ಹೊಳೆದ ಮೇಲೆ ಅಣೆಕಟ್ಟಿನ ಕಲ್ಲು, ಗಾರೆ, ಅಳತೆಗೆ ಮೂರು ಅಧ್ಯಾಯ ಕೊಡಬೇಕಾಗಿಲ್ಲ ಅಂತ ತಾನಾಗಿ ತಿಳಿಯುತ್ತದೆ.

ಮಾಮೂಲಿ ತಪ್ಪು ಏನೆಂದರೆ ಅಧ್ಯಾಯದ ಹೆಸರು ಮಾತ್ರ ಬರೆಯುವುದು. "ಬಾಲ್ಯ", "ಹೋರಾಟ", "ಸಂಜೆ" ಅಂತ ಹೆಸರಿಟ್ಟರೆ ಚೆಂದ ಕಾಣುತ್ತದೆ, ಬರೆಯಲು ಕೂತಾಗ ಕೈಗೆ ಏನೂ ಸಿಗುವುದಿಲ್ಲ. ಕ್ರಿಯಾಪದ ಇರುವ ಪೂರ್ತಿ ವಾಕ್ಯವೇ ಬೇಕು. "ಅಪ್ಪ ಗಿರಣಿ ಕೆಲಸ ಬಿಟ್ಟು ಹರಿಹರಕ್ಕೆ ಬಂದರು" ಅಂತ ಬರೆದರೆ ಮರುದಿನ ಎಲ್ಲಿಂದ ಶುರು ಮಾಡಬೇಕು ಅಂತ ಗೊತ್ತಿರುತ್ತದೆ.

## ಹಂತ 3: ವರ್ಷದ ಲೆಕ್ಕ ಹಾಕಿ, ಆಮೇಲೆ ದಿನದ್ದು

"ದಿನಾ ಬೆಳಿಗ್ಗೆ ಐದಕ್ಕೆ ಎದ್ದು ಬರೆಯುತ್ತೇನೆ" ಅನ್ನುವ ಶಪಥ ಯುಗಾದಿಗೆ ಶುರುವಾಗಿ ಮದುವೆ ಸೀಸನ್‌ಗೆ ಮುಗಿಯುತ್ತದೆ. ಕಾರಣ ಸೋಮಾರಿತನ ಅಲ್ಲ, ಕ್ಯಾಲೆಂಡರ್ ನೋಡದೆ ಶಪಥ ಮಾಡಿದ್ದು.

ಗೋಡೆಯ ಕ್ಯಾಲೆಂಡರ್ ತೆಗೆಯಿರಿ. ನಿಮ್ಮ ಕೈಯಲ್ಲಿ ಇಲ್ಲದ ದಿನಗಳನ್ನು ಮೊದಲು ಹೊಡೆದು ಹಾಕಿ. ಮೇಷ್ಟ್ರಾಗಿದ್ದರೆ ಮಾರ್ಚ್–ಏಪ್ರಿಲ್ ಪರೀಕ್ಷೆ, ಪೇಪರ್ ನೋಡುವ ಕೆಲಸ. ಮೆಕ್ಕೆಜೋಳ ಹಾಕಿದವರಿಗೆ ಬಿತ್ತನೆ, ಕಟಾವಿನ ವಾರಗಳು. ಅಡಿಕೆಯವರಿಗೆ ಕೊಯ್ಲು, ಬೇಯಿಸುವುದು, ಒಣಗಿಸುವುದು. ಊರಿಗೆ ಜಾತ್ರೆ ಇದ್ದರೆ ಅದನ್ನೂ ಸೇರಿಸಿ. ದಾವಣಗೆರೆಯಲ್ಲಿ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ ಬರುತ್ತದೆ. ಆ ವಾರ ಮನೆ ತುಂಬ ನೆಂಟರು ಇರುವಾಗ ಬಾಗಿಲು ಹಾಕಿಕೊಂಡು ಬರೆಯುತ್ತೇನೆ ಅನ್ನುವುದು ಆಗದ ಮಾತು. ನಾಯಕನಹಟ್ಟಿ ಜಾತ್ರೆಯ ವಾರ ಚಳ್ಳಕೆರೆ ಕಡೆಯವರಿಗೂ ಇದೇ ಪಾಡು.

ಉಳಿದ ವಾರಗಳಲ್ಲಿ ವಾರಕ್ಕೆ ಐದು ದಿನ ಅಂತ ಲೆಕ್ಕ ಹಿಡಿಯಿರಿ. ದಿನಕ್ಕೆ 300 ಪದ ಅಂದರೆ ವಾರಕ್ಕೆ 1,500 ಪದ, 30,000 ಪದಕ್ಕೆ 20 ವಾರ. ಹೊಡೆದು ಹಾಕಿದ ದಿನಗಳು, ಜ್ವರ, ಸಾವು-ನೋವು ಎಲ್ಲ ಸೇರಿ ಏಳೆಂಟು ತಿಂಗಳು ಇಟ್ಟುಕೊಳ್ಳಿ.

ದಿನದಲ್ಲಿ ಯಾವ ಹೊತ್ತು ಅನ್ನುವುದು ನಿಮ್ಮ ಮನೆಗೆ ಬಿಟ್ಟದ್ದು. ನಮ್ಮ ಕಡೆ ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಸೆಕೆಗೆ ತಲೆ ಓಡುವುದಿಲ್ಲ. ಆ ಎರಡು ತಿಂಗಳು ಬೆಳಗಿನ ಹೊತ್ತು ಬಿಟ್ಟರೆ ಗತಿ ಇಲ್ಲ. ದುರ್ಗದಿಂದ ದಾವಣಗೆರೆಗೆ ದಿನಾ ಬಸ್ಸಿನಲ್ಲಿ ಓಡಾಡುವವರು ಆ ಹೊತ್ತಲ್ಲಿ ಪುಸ್ತಕ ಬರೆಯಲು ಹೋಗಬೇಡಿ. ಕುಲುಕಾಟ, ಸದ್ದು, ಪಕ್ಕದವರ ಇಣುಕು. ನಾಳೆ ಏನು ಬರೆಯಬೇಕು ಅನ್ನುವ ಎರಡು ಸಾಲಿನ ಟಿಪ್ಪಣಿಗೆ ಮಾತ್ರ ಬಸ್ಸು ಲಾಯಕ್ಕು.

## ಹಂತ 4: ದಿನದ ಪಾಲು ಚಿಕ್ಕದಿರಲಿ

300 ಪದ ಅಂದರೆ ಅಚ್ಚಿನಲ್ಲಿ ಒಂದೂವರೆ ಪುಟ. "ಇಷ್ಟೇನಾ?" ಅನ್ನಿಸುತ್ತದೆ. ಅನ್ನಿಸಲಿ. ಕೆಟ್ಟ ದಿನದಲ್ಲೂ ಆಗುವಷ್ಟನ್ನೇ ಪಾಲು ಅಂತ ಇಡಬೇಕು. ಒಳ್ಳೆಯ ದಿನ 900 ಪದ ಬಂದರೆ ಸಂತೋಷ, ಆದರೆ ಅದನ್ನು ಮರುದಿನದ ಖಾತೆಗೆ ಜಮಾ ಮಾಡಬೇಡಿ. ಮರುದಿನ ಮತ್ತೆ 300. ಹಾಗೇ ಒಂದು ದಿನ ತಪ್ಪಿದರೆ ನಾಳೆ 600 ಬರೆದು ಸರಿದೂಗಿಸುತ್ತೇನೆ ಅನ್ನಬೇಡಿ. ಬಾಕಿ ಬೆಳೆಯುತ್ತಾ ಹೋಗಿ, ನಾಲ್ಕನೇ ದಿನಕ್ಕೆ ಫೈಲ್ ತೆರೆಯಲೇ ಭಯ ಆಗುತ್ತದೆ.

ಬರೆದ ದಿನ ಕ್ಯಾಲೆಂಡರ್‌ನ ಮನೆಯಲ್ಲಿ ಪದಗಳ ಸಂಖ್ಯೆ ಬರೆಯಿರಿ. ಚೆನ್ನಾಗಿ ಬಂತೋ ಇಲ್ಲವೋ ಅಂತ ಬರೆಯಬೇಡಿ, ಬರೀ ಸಂಖ್ಯೆ.

## ಹಂತ 5: ಕೂರುವುದು, ಏಳುವುದು

ಕೂತ ತಕ್ಷಣ ಮೊಬೈಲ್‌ನಲ್ಲಿ 40 ನಿಮಿಷಕ್ಕೆ ಟೈಮರ್ ಹಾಕಿ, ಅದನ್ನು ಬೇರೆ ಕೋಣೆಯಲ್ಲಿ ಇಡಿ. ಮೊಬೈಲ್‌ನಲ್ಲೇ ಬರೆಯುವವರು ಡೇಟಾ ಬಂದ್ ಮಾಡಿ.

ನಿನ್ನೆ ಬರೆದದ್ದರಲ್ಲಿ ಕೊನೆಯ ಒಂದು ಪ್ಯಾರಾ ಮಾತ್ರ ಓದಿ. ಮೊದಲಿಂದ ಓದಿದರೆ ತಿದ್ದಬೇಕು ಅನ್ನಿಸುತ್ತದೆ, ತಿದ್ದಲು ಶುರು ಮಾಡಿದರೆ 40 ನಿಮಿಷ ಅದರಲ್ಲೇ ಹೋಗುತ್ತದೆ. ಈ ಬರಹದಲ್ಲಿ ನೀವು ಒಂದೇ ಒಂದು ಮಾತು ಪಾಲಿಸುವುದಾದರೆ ಇದನ್ನು ಪಾಲಿಸಿ: ಮೊದಲ ಕರಡು ಮುಗಿಯುವವರೆಗೆ ಹಿಂದಿನ ಅಧ್ಯಾಯ ತಿದ್ದಬೇಡಿ. ನಾಲ್ಕನೇ ಅಧ್ಯಾಯ ಬರೆಯುವಾಗ ಒಂದನೆಯದರಲ್ಲಿ ತಪ್ಪಿದೆ ಅಂತ ಹೊಳೆದರೆ ನೋಟ್‌ಬುಕ್‌ನಲ್ಲಿ ಗುರುತು ಹಾಕಿ. "ಅಧ್ಯಾಯ 1, ಅಜ್ಜಿಯ ಊರು ಬದಲಿಸಬೇಕು." ಸಾಕು. ಊರು ಈಗಲೇ ಬದಲಾಗಿದೆ ಅಂದುಕೊಂಡು ಮುಂದೆ ಬರೆಯಿರಿ.

ಕೂರುವ ರೀತಿಯಷ್ಟೇ ಏಳುವ ರೀತಿಯೂ ಮುಖ್ಯ. ಹೆಚ್ಚಿನವರು ಬಾವಿ ಬತ್ತುವವರೆಗೆ ಸೇದಿ ಎದ್ದುಬಿಡುತ್ತಾರೆ. ಮುಂದಿನ ವಾಕ್ಯ ಏನು ಅಂತ ಗೊತ್ತಿರುವಾಗಲೇ ಏಳಬೇಕು. ಆ ವಾಕ್ಯವನ್ನು ಅರ್ಧ ಬರೆದು ಬಿಟ್ಟು ಏಳಿ. ಜೊತೆಗೆ ಕೆಳಗೆ ಎರಡು ಸಾಲು: "ನಾಳೆ: ಕೋಡಿ ನೋಡಲು ಬಂದ ಅಜ್ಜನ ಮಾತು. ಅವರ ಅಪ್ಪ 1933ರ ನೀರು ನೋಡಿದ್ದರು." ಮರುದಿನ ಖಾಲಿ ಪರದೆ ನೋಡುತ್ತಾ ಕೂರುವ ಹತ್ತು ನಿಮಿಷ ಉಳಿಯುತ್ತದೆ. ಪುಸ್ತಕಗಳು ನಿಲ್ಲುವುದು ಬಹುತೇಕ ಆ ಹತ್ತು ನಿಮಿಷದಲ್ಲೇ.

## ಹಂತ 6: ಮಾಹಿತಿಯ ಗುಂಡಿಗೆ ಬೀಳಬೇಡಿ

ದುರ್ಗದವರಿಗೆ ಈ ಅಪಾಯ ಜಾಸ್ತಿ. ಕೋಟೆ ಕಣ್ಣೆದುರೇ ಇದೆ. 1779ರಲ್ಲಿ ಹೈದರಾಲಿ ದುರ್ಗ ಹಿಡಿದ ಕಾಲದ ಒಂದು ಕಾದಂಬರಿ ಶುರು ಮಾಡುತ್ತಾರೆ. ಮದಕರಿ ನಾಯಕನ ಬಗ್ಗೆ ಓದುತ್ತಾ ಹಿಂದೆ ಹಿಂದೆ ಹೋಗಿ, ಚಂದ್ರವಳ್ಳಿಯ ಮಯೂರಶರ್ಮನ ಶಾಸನದ ಹತ್ತಿರ ಕೂತಿರುತ್ತಾರೆ. ಕಾದಂಬರಿ ಹದಿನೆಂಟನೇ ಶತಮಾನದ್ದು, ಓದುತ್ತಿರುವುದು ನಾಲ್ಕನೆಯದು. ಓದುವುದು ಸುಖ, ಬರೆಯುವುದು ಕಷ್ಟ, ಅಲ್ವಾ? ಅದಕ್ಕೇ ಓದು ಮುಗಿಯುವುದೇ ಇಲ್ಲ.

ಬರೆಯುವ ಹೊತ್ತಲ್ಲಿ ಹುಡುಕಬೇಡಿ. ಇಸವಿ, ಹೆಸರು, ಬೆಲೆ ಏನು ಗೊತ್ತಿಲ್ಲದಿದ್ದರೂ ಆ ಜಾಗದಲ್ಲಿ @@ ಅಂತ ಹಾಕಿ ಮುಂದೆ ಹೋಗಿ. "ಆಗ ಒಂದು ಪಲ್ಲ ಜೋಳಕ್ಕೆ @@ ಇತ್ತು." ಈ ಗುರುತು ಕನ್ನಡ ಬರಹದಲ್ಲಿ ಬೇರೆಲ್ಲೂ ಬರುವುದಿಲ್ಲ. ಹಾಗಾಗಿ ಆಮೇಲೆ ಕಂಪ್ಯೂಟರಿನಲ್ಲಿ ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ. ವಾರದಲ್ಲಿ ಒಂದು ದಿನ, ಬರೆಯದ ದಿನ, ಲೈಬ್ರರಿಗೆ ಹೋಗಿ ಆ ವಾರದ @@ಗಳನ್ನು ಮಾತ್ರ ತುಂಬಿ.

ದಾವಣಗೆರೆ ಬಗ್ಗೆ ಬರೆಯುವವರಿಗೆ ಒಂದು ಸೂಚನೆ. ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚಿನ ದಾಖಲೆಯಲ್ಲಿ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗ ಜಿಲ್ಲೆಯ ಹೆಸರಲ್ಲಿ ಇರುತ್ತವೆ. ಚನ್ನಗಿರಿ, ಹೊನ್ನಾಳಿಯನ್ನು ಶಿವಮೊಗ್ಗದಲ್ಲಿ ಹುಡುಕಬೇಕು. ಇದು ಗೊತ್ತಿಲ್ಲದೆ ಹಳೆಯ ಗ್ಯಾಸೆಟಿಯರ್‌ನಲ್ಲಿ ಊರೇ ಇಲ್ಲ ಅಂತ ವಾಪಸ್ ಬಂದವರಿದ್ದಾರೆ.

ಹಿರಿಯರನ್ನು ಮಾತಾಡಿಸಿ ರೆಕಾರ್ಡ್ ಮಾಡುವವರು ಇನ್ನೊಂದು ಲೆಕ್ಕ ನೆನಪಿಡಿ. ಒಂದು ಗಂಟೆಯ ಮಾತನ್ನು ಪೂರ್ತಿ ಬರಹಕ್ಕೆ ಇಳಿಸಲು ನಾಲ್ಕು ಗಂಟೆ ಬೇಕು, ಕೆಲವೊಮ್ಮೆ ಇನ್ನೂ ಜಾಸ್ತಿ. ಹತ್ತು ಜನರ ಮಾತು ಒಟ್ಟಿಗೆ ರೆಕಾರ್ಡ್ ಮಾಡಿ ಪೇರಿಸಿದರೆ ಅದನ್ನು ಇಳಿಸುವುದರಲ್ಲೇ ಪುಸ್ತಕ ಸಾಯುತ್ತದೆ. ಒಬ್ಬರನ್ನು ಮಾತಾಡಿಸಿ, ಅದೇ ವಾರ ಬೇಕಾದ ಭಾಗ ಮಾತ್ರ ಇಳಿಸಿ, ಆಮೇಲೆ ಮುಂದಿನವರ ಮನೆಗೆ ಹೋಗಿ.

## ಹಂತ 7: ನಿಂತೇ ಹೋದಾಗ ಕಾರಣ ಹುಡುಕಿ

ಪುಸ್ತಕ ನಿಲ್ಲುವುದು ಸಾಮಾನ್ಯವಾಗಿ ಮೂರು ಕಾರಣಕ್ಕೆ. ಮೂರಕ್ಕೂ ಮದ್ದು ಬೇರೆ ಬೇರೆ. ಎಲ್ಲದಕ್ಕೂ "ಇನ್ನಷ್ಟು ಕಷ್ಟಪಡಬೇಕು" ಅಂದುಕೊಳ್ಳುವುದು ಜನ ಮಾಡುವ ದೊಡ್ಡ ತಪ್ಪು.

ದಣಿವು. ಬರೆಯುವುದು ಮಾತ್ರವಲ್ಲ, ಓದುವುದೂ ಬೇಡ ಅನ್ನಿಸುತ್ತದೆ, ಕಣ್ಣು ಉರಿಯುತ್ತದೆ, ಒಂದೇ ಸಾಲು ಮೂರು ಸಲ ಓದುತ್ತೀರಿ. ಒಂದು ವಾರ ಬಿಟ್ಟುಬಿಡಿ. ಮತ್ತೆ ಕೂರುವ ದಿನವನ್ನು ಮಾತ್ರ ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಮಾಡಿ ಬಿಡಿ. ಗುರುತು ಇಲ್ಲದ ರಜೆ ವರ್ಷಗಟ್ಟಲೆ ಎಳೆಯುತ್ತದೆ. ದಾವಣಗೆರೆಯವರಾದರೆ ಸಂಜೆ ಕುಂದವಾಡ ಕೆರೆ ಏರಿ ಮೇಲೆ ಒಂದು ಸುತ್ತು ಹಾಕಿ, ಮೊಬೈಲ್ ಮನೆಯಲ್ಲಿ ಬಿಟ್ಟು.

ನಕ್ಷೆಯ ತಪ್ಪು. ಓದಲು ಉತ್ಸಾಹ ಇದೆ, ಬೇರೆ ಏನಾದರೂ ಬರೆಯಲೂ ಆಗುತ್ತದೆ, ಈ ಒಂದು ಅಧ್ಯಾಯ ಮಾತ್ರ ಜಗ್ಗುವುದಿಲ್ಲ. ಆಗ ತಪ್ಪು ಹೆಚ್ಚಾಗಿ ಅಲ್ಲಿ ಇರುವುದಿಲ್ಲ, ಅದಕ್ಕೂ ಒಂದೆರಡು ಅಧ್ಯಾಯ ಹಿಂದೆ ಇರುತ್ತದೆ. ಪಾತ್ರದ ಕೈಯಲ್ಲಿ ಆಗದ ಕೆಲಸ ಮಾಡಿಸಿರುತ್ತೀರಿ, ಅಥವಾ ಹೇಳಬೇಕಾದದ್ದನ್ನು ಮೊದಲೇ ಹೇಳಿ ಮುಗಿಸಿರುತ್ತೀರಿ. ಎರಡನೇ ಹಂತದ ಹಾಳೆ ತೆಗೆದು "ಹಾಗಾದರೆ ಏನಾಯಿತು?" ಅಂತ ಮತ್ತೆ ಕೇಳಿ. ಎಲ್ಲಿ ಉತ್ತರ ತಪ್ಪಿದೆಯೋ ಅಲ್ಲಿಂದ ಹಾಳೆಯನ್ನು ಹೊಸದಾಗಿ ಬರೆಯಿರಿ. ಅಧ್ಯಾಯಗಳನ್ನು ಮುಟ್ಟಬೇಡಿ.

ಭಯ. ಆತ್ಮಕಥೆ ಬರೆಯುವವರಲ್ಲಿ ಇದು ಜಾಸ್ತಿ. ಆಸ್ತಿ ಪಾಲಿನ ಜಗಳ ಬರೆಯಬೇಕಾದ ದಿನವೇ ತಲೆನೋವು ಬರುತ್ತದೆ. "ಚಿಕ್ಕಪ್ಪ ಓದಿದರೆ ಏನಂತಾರೆ?" ಅನ್ನುವುದು ನಿಜವಾದ ಪ್ರಶ್ನೆಯೇ, ಆದರೆ ಈಗಿನದಲ್ಲ. ಆ ಭಾಗ ಬೇರೆ ಫೈಲ್‌ನಲ್ಲಿ, ಯಾರಿಗೂ ತೋರಿಸುವುದಿಲ್ಲ ಅಂದುಕೊಂಡು ಬರೆಯಿರಿ. ಇಡಬೇಕೋ ಬಿಡಬೇಕೋ ಎರಡನೇ ಕರಡಿನಲ್ಲಿ ನೋಡೋಣ. ಬರೆಯದೆ ಬಿಟ್ಟರೆ ಮುಂದಿನ ಮೂರು ಅಧ್ಯಾಯವೂ ಸುಳ್ಳು ಸುಳ್ಳಾಗಿ ಬರುತ್ತವೆ.

ಇವು ಮೂರೂ ಅಲ್ಲದೆ ನಿದ್ದೆ, ಊಟ, ಮನೆಯವರ ಜೊತೆ ಮಾತು ಯಾವುದೂ ಬೇಡವಾಗಿ ಎರಡು ವಾರ ದಾಟಿದರೆ ಅದು ಬರವಣಿಗೆಯ ತೊಂದರೆ ಅಲ್ಲ. ಡಾಕ್ಟರ ಹತ್ತಿರ ಹೋಗಿ. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕನ್ನಡದಲ್ಲೇ ಮಾತಾಡಬಹುದು.

### ಮೊದಲೇ ಕಾಣುವ ಸೂಚನೆಗಳು

ನಿಲ್ಲುವ ಮುಂಚೆ ಪುಸ್ತಕ ಸದ್ದು ಮಾಡುತ್ತದೆ. ಫಾಂಟ್ ಬದಲಿಸಿ ನೋಡುತ್ತಿದ್ದೀರಿ. ಹೊಸ ಪೆನ್ನು, ಹೊಸ ಡೈರಿ ತಂದಿದ್ದೀರಿ. ಅರ್ಪಣೆಯ ಪುಟ ಬರೆದಿದ್ದೀರಿ. ಕ್ಯಾಲೆಂಡರ್‌ನಲ್ಲಿ ಒಂದು ವಾರದಿಂದ ಸಂಖ್ಯೆ ಇಲ್ಲ. ಇದಕ್ಕಿಂತ ಒಳ್ಳೆಯ ಇನ್ನೊಂದು ಪುಸ್ತಕ ಹೊಳೆದಿದೆ. ಈ ಕೊನೆಯದು ತುಂಬ ಮೋಸದ್ದು. ಹೊಸ ಪುಸ್ತಕ ಚೆಂದ ಕಾಣುವುದು ಅದನ್ನು ಇನ್ನೂ ಬರೆಯದ ಕಾರಣಕ್ಕೆ. ಅದನ್ನು ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ನಾಲ್ಕು ಸಾಲು ಬರೆದಿಟ್ಟು ಮುಚ್ಚಿ.

## ಹಂತ 8: ಬಾಯಿ ಬಿಗಿ ಇರಲಿ

ಸಂಜೆ ನಾಲ್ಕು ಜನ ಸೇರಿ ಮಿರ್ಚಿ ಮಂಡಕ್ಕಿ ತಿನ್ನುತ್ತಾ ಇಡೀ ಕಾದಂಬರಿ ಹೇಳಿ ಮುಗಿಸುವವರು ನಮ್ಮೂರಲ್ಲಿ ಬೇಕಾದಷ್ಟು ಜನ ಇದ್ದಾರೆ. ಕೇಳಿದವರು ಭೇಷ್ ಅಂದ ಮೇಲೆ ಬರೆಯುವ ಹಸಿವು ಅಲ್ಲೇ ತೀರುತ್ತದೆ. ಕಥೆ ಹೇಳಬೇಡಿ. ಎಷ್ಟು ಪದ ಆಯಿತು ಅಂತ ಮಾತ್ರ ಒಬ್ಬರಿಗೆ ಹೇಳಿ. ಭಾನುವಾರ ರಾತ್ರಿ ಆ ವಾರದ ಸಂಖ್ಯೆಯನ್ನು ವಾಟ್ಸಾಪ್‌ನಲ್ಲಿ ಕಳಿಸಿ, ಅವರೂ ಬರೆಯುತ್ತಿದ್ದರೆ ಅವರ ಸಂಖ್ಯೆ ತರಿಸಿಕೊಳ್ಳಿ. ಸೊನ್ನೆ ಆದರೂ ಕಳಿಸಬೇಕು. ಬರಹ ಕಳಿಸಬೇಡಿ, ಅರ್ಧ ಬೆಂದದ್ದಕ್ಕೆ ಅಭಿಪ್ರಾಯ ಕೇಳಿದರೆ ಹಿಂದೆ ಹೋಗಿ ತಿದ್ದುವ ಚಟ ಮತ್ತೆ ಅಂಟುತ್ತದೆ.

## ಹಂತ 9: ಕರಡು ಮುಗಿದ ಮೇಲೆ

ಎರಡು ಮೂರು ವಾರ ಮುಟ್ಟಬೇಡಿ. ಆಮೇಲೆ ಪ್ರಿಂಟ್ ತೆಗೆಸಿ. ಪರದೆಯ ಮೇಲೆ ಕಾಣದ ತಪ್ಪು ಕಾಗದದ ಮೇಲೆ ಕಾಣುತ್ತದೆ. ಮೊದಲ ಸಲ ಪೆನ್ನು ಹಿಡಿಯದೆ ಓದಿ, ಬೇಸರ ಬಂದ ಪುಟದ ಮೂಲೆ ಮಾತ್ರ ಮಡಚಿ.

ತಿದ್ದುವುದಕ್ಕೂ ಸರದಿ ಇದೆ. ಮೊದಲು ದೊಡ್ಡದು: ಯಾವ ಅಧ್ಯಾಯ ಬೇಡ, ಯಾವುದು ಹಿಂದೆ ಮುಂದೆ ಆಗಬೇಕು. ನಂತರ ಉಳಿದ @@ಗಳು. ನಂತರ ವಾಕ್ಯಗಳು, ಗಟ್ಟಿಯಾಗಿ ಓದುತ್ತಾ. ಕಾಗುಣಿತ, ಅಲ್ಪಪ್ರಾಣ-ಮಹಾಪ್ರಾಣ ಎಲ್ಲಕ್ಕಿಂತ ಕೊನೆಗೆ. ತೆಗೆದುಹಾಕಬೇಕಾದ ಅಧ್ಯಾಯದ ಕಾಗುಣಿತವನ್ನು ಮೂರು ದಿನ ತಿದ್ದಿ ಏನು ಉಪಯೋಗ?

ಈಗ ಇಬ್ಬರು ಮೂವರಿಗೆ ಕೊಡಿ. ಮನೆಯವರು ಬೇಡ, ಅವರು ಒಂದೋ ಹೊಗಳುತ್ತಾರೆ, ಇಲ್ಲ ಜಗಳಕ್ಕೆ ಬರುತ್ತಾರೆ. "ಹೇಗಿದೆ?" ಅಂತ ಕೇಳಬೇಡಿ. "ಎಲ್ಲಿ ಓದುವುದು ನಿಲ್ಲಿಸಿದಿರಿ?" ಅಂತ ಕೇಳಿ. ಇಬ್ಬರು ಒಂದೇ ಪುಟ ತೋರಿಸಿದರೆ ಅಲ್ಲಿ ಕೆಲಸ ಇದೆ.

## ಹಂತ 10: ಇಷ್ಟಾದ ಮೇಲೆ ಉಳಿದದ್ದು

ಹೆಸರು, ಮುಖಪುಟ, ಮುನ್ನುಡಿ, ಬೆನ್ನುಡಿ, ಬಿಡುಗಡೆಯ ದಿನ ಎಲ್ಲ ಇಲ್ಲಿಂದ ಶುರು. ಮುನ್ನುಡಿ ಬರೆಯುವ ಹಿರಿಯರಿಗೆ ಪೂರ್ತಿ ಪ್ರತಿ ಕೊಟ್ಟು ಕನಿಷ್ಠ ಎರಡು ತಿಂಗಳು ಬಿಡಿ. ಹಾಲ್ ಬುಕ್ ಮಾಡಿ ಆಮೇಲೆ ಅವರನ್ನು ಅವಸರ ಮಾಡುವುದು ಸರಿಯಲ್ಲ.

ಪುಸ್ತಕದ ಗುರುತಿನ ಸಂಖ್ಯೆಯಾದ ಐಎಸ್‌ಬಿಎನ್ ಅನ್ನು ನಮ್ಮ ದೇಶದಲ್ಲಿ ರಾಜಾ ರಾಮಮೋಹನ್ ರಾಯ್ ರಾಷ್ಟ್ರೀಯ ಏಜೆನ್ಸಿ ಉಚಿತವಾಗಿ ಕೊಡುತ್ತದೆ. ಸ್ವಂತ ಪ್ರಕಟಣೆ ಮಾಡುವವರು ತಾವೇ ಅರ್ಜಿ ಹಾಕಬಹುದು. ಆ ಸಂಖ್ಯೆಗೇ ಬೆಲೆ ಅಂತ ಯಾರಾದರೂ ದುಡ್ಡು ಕೇಳಿದರೆ ಕೊಡಬೇಡಿ. ಮೊದಲ ಪುಸ್ತಕದ ಯುವ ಬರಹಗಾರರು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ಗಮನಿಸುತ್ತಿರಿ. ಅದಕ್ಕೆ ಹಸ್ತಪ್ರತಿ ಮುಗಿದಿರಬೇಕು, ವಯಸ್ಸಿನ ಮಿತಿಯೂ ಇದೆ.

ಡಿಟಿಪಿಗೆ ಕೊಡುವುದು ಎಲ್ಲ ತಿದ್ದಿ ಮುಗಿದ ಮೇಲೆ. ಪುಟ ಜೋಡಿಸಿದ ನಂತರ ಒಂದು ಪ್ಯಾರಾ ಸೇರಿಸಿದರೆ ಅಲ್ಲಿಂದ ಮುಂದಿನ ಪುಟಗಳೆಲ್ಲ ಜರುಗುತ್ತವೆ, ಪರಿವಿಡಿಯ ಪುಟ ಸಂಖ್ಯೆ ತಪ್ಪುತ್ತದೆ, ಬಿಲ್ಲೂ ಏರುತ್ತದೆ. ಮೊದಲ ಪ್ರೂಫ್ ನೀವೇ ನೋಡಿ, ಎರಡನೆಯದನ್ನು ಪುಸ್ತಕ ಓದಿರದ ಬೇರೆಯವರಿಂದ ನೋಡಿಸಿ. ಮೂರನೆಯದರಲ್ಲಿ ತಲೆಬರಹ, ಪುಟ ಸಂಖ್ಯೆ, ಚಿತ್ರದ ಕೆಳಗಿನ ಸಾಲು, ಒಡೆದ ಒತ್ತಕ್ಷರ ಇಷ್ಟನ್ನೇ ನೋಡಿ ಸಹಿ ಹಾಕಿ ಕೊಡಿ.